ಮೇಲಿಂದ ಬರುವ ನೀರು

ನೆಲಮನೆಯ ಕೊನೆಯ ಮೆಟ್ಟಿಲ ಮೇಲೆ ನಿಂತು ಮಾರ್ತಾಂಡ ಕಂದೀಲನ್ನು ಗೋಡೆಗೆ ಹಿಡಿದ. ಗೋಡೆ ಒಣಗಿತ್ತು. ಅವನ ಸಿಟ್ಟು ನೆತ್ತಿಗೇರಿತು. ಹಸಿಯಾಗಿದ್ದರೆ ಗೌಂಡಿಗೆ ತೋರಿಸಿ ಬಾಯಿ ತುಂಬ ಬಯ್ಯಬಹುದಿತ್ತು. ಆದರೆ ಗೌಂಡಿ ಬರುತ್ತಾನೆ ಅಂದ ದಿನ ಈ ಗೋಡೆ ಏನೂ ಅರಿಯದ ಹಾಗೆ ಒಣಗಿ ಕೂತಿರುತ್ತದೆ, ಡಾಕ್ಟರ ಮನೆಯ ಹೊಸ್ತಿಲು ತುಳಿದ ಕೂಡಲೇ ಇಳಿದುಹೋಗುವ ಜ್ವರದ ಹಾಗೆ. ಅವನು ಬಂದು, ಕೆರೆದು, ಉಜ್ಜಿ, ಸುಣ್ಣದ ಗಚ್ಚು ತುಂಬಿ, ಕೈ ಜಾಡಿಸಿಕೊಂಡು ಹೋದ ಮೇಲೆ ಮರುದಿನ ಬಂದು ನೋಡಿದರೆ ಅದೇ ಬಡಗಣ ಮೂಲೆಯಿಂದ ನೀರು ಇಳಿದಿರುತ್ತದೆ. ಒಂದು ಸಲವಲ್ಲ, ಮೂರು ಸಲ. ಗದಗಿನಲ್ಲಿ ಜನ ನೀರಿಗೆ ಪಾಳಿ ಹಚ್ಚಿ ನಿಲ್ಲುತ್ತಾರೆ, ಒಂದು ಕೊಡದ ಸಲುವಾಗಿ ಹೆಂಗಸರು ಏಳು ತಲೆಮಾರಿನ ಜಾತಕ ತೆಗೆಯುತ್ತಾರೆ, ಮಳೆಯಂತೂ ಮಹಾನವಮಿಗೆ ಮುಂಚೆಯೇ ಮುಖ ತಿರುವಿಕೊಂಡು ಹೋಗಿತ್ತು. ಇಂಥ ಊರಿನಲ್ಲಿ ತನ್ನ ಮನೆಯ ನೆಲದ ಕೆಳಗೆ ಪುಕ್ಕಟೆ ನೀರು. ಅವನು ಕಲಿಸುವ ಸಾಲೆಯ ಕಟ್ಟಡ ಕಮಿಟಿಯಲ್ಲಿ ಅಧ್ಯಕ್ಷರಾದ ಪುಂಡಲೀಕಪ್ಪ ವಕೀಲರು, "ಮಾಸ್ತರ ಮನ್ಯಾಗ ತುಂಗಭದ್ರಾ ಬಂದಾಳಂತಲ್ರೀ" ಎಂದಾಗ ಉಳಿದ ಆರು ಮಂದಿಯೂ ನಕ್ಕಿದ್ದರು. ಮಾರ್ತಾಂಡನೂ ನಕ್ಕಿದ್ದ. ತಾನೂ ನಕ್ಕದ್ದೇ ಅವನನ್ನು ಇವತ್ತಿಗೂ ಚುಚ್ಚುತ್ತಿತ್ತು.

ಮೊದಲು ಸೋರಿಕೆಯೇ ಇರಲಿಲ್ಲ, ಇದೇ ದೊಡ್ಡ ತಮಾಷೆ. ಮುಂದಿನ ಗುರುವಾರ ನವೆಂಬರ್ ಒಂದು. ಗದಗು ಮುಂಬಯಿ ಬಿಟ್ಟು ಮೈಸೂರಿಗೆ ಸೇರುವ ದಿನ, ಕನ್ನಡದವರೆಲ್ಲ ಒಂದಾಗುವ ದಿನ. ಅವತ್ತಿನ ಮೆರವಣಿಗೆ ಮಾಸ್ತರರ ಮನೆಯ ಮುಂದೆ ನಿಂತು, ನಲವತ್ತೆರಡರ ಚಳವಳಿಯಲ್ಲಿ ಅವರು ಪೊಲೀಸರ ಕಣ್ಣು ತಪ್ಪಿಸಿ ಹನ್ನೊಂದು ದಿನ ಅಡಗಿದ್ದ ನೆಲಮನೆಯನ್ನು ಸಾಲೆಯ ಮಕ್ಕಳಿಗೆ ತೋರಿಸಬೇಕೆಂದು ಕಮಿಟಿ ಗೊತ್ತುಮಾಡಿತ್ತು. ತೋರಿಸಲಿಕ್ಕೆ ಏನಿದೆ? ನಡುಮನೆಯ ನೆಲದಲ್ಲಿ ಒಂದು ಹಲಗೆಯ ಮುಚ್ಚಳ, ಅದನ್ನೆತ್ತಿದರೆ ಎಂಟು ಕಲ್ಲಿನ ಮೆಟ್ಟಿಲು, ಕೆಳಗೆ ತಲೆ ಬಗ್ಗಿಸಿ ನಿಲ್ಲಬಹುದಾದ ಒಂದು ಕೋಣೆ. ಅಜ್ಜನ ಕಾಲದಲ್ಲಿ ಅಲ್ಲಿ ಜೋಳ ತುಂಬುತ್ತಿದ್ದರು. ಈಗ ಏಕೀಕರಣದ ಸಭೆಗಳ ಕರಪತ್ರಗಳ ಗಂಟುಗಳಿದ್ದವು. ಗೋಡೆಯ ಗಿಲಾವು ಅಲ್ಲಲ್ಲಿ ಉದುರಿ ಕಲ್ಲು ಕಾಣುತ್ತಿತ್ತು. ನಾಲ್ಕು ಜನ ಬಂದಾಗ ಅಸಹ್ಯ ಕಾಣಬಾರದೆಂದು ಕುರ್ತಕೋಟಿಯ ಉಡಚಪ್ಪನನ್ನು ಕರೆಸಿ ಹೊಸ ಗಿಲಾವು ಮಾಡಿಸಿದ. ಮರುದಿನವೇ ನೀರು. ಇಷ್ಟು ವರ್ಷ ಒಣಗಿದ್ದ ಗೋಡೆ ಇವನ ಕೈ ತಾಗಿದ ಕೂಡಲೇ ಸೋರಲಿಕ್ಕೆ ಹತ್ತಿತು ಅಂದರೆ ತಪ್ಪು ಯಾರದು? ಮೂರನೆಯ ಸಲ ಬಂದಾಗ ಉಡಚಪ್ಪ ಕೆಳಗಿನ ಗೋಡೆ ಬಿಟ್ಟು, ಮೇಲೆ ನಡುಮನೆಯ ಮೂಲೆಯಲ್ಲಿ ಎರಡು ಫರಸಿಕಲ್ಲುಗಳ ನಡುವಿನ ಸಂದಿಗೆ ಗಚ್ಚು ತುಂಬಿ ಹೋಗಿದ್ದ. ಮರುದಿನ ನೋಡಿದರೆ ಆ ಗಚ್ಚೆಲ್ಲ ಬೆಳ್ಳಗಿನ ಗೆರೆಯಾಗಿ ಕೆಳಗಿನ ಗೋಡೆಯ ಮೇಲೆ ಹರಿದಿತ್ತು. ಸುಣ್ಣ ಹದವಾಗಿ ಅರೆದಿಲ್ಲ, ಮೋಸ, ಇನ್ನೇನು? ಆ ಬಿಳಿಯನ್ನು ಬೆರಳಿಗೆ ಹಚ್ಚಿಕೊಂಡೇ ಸಾಲೆಗೆ ಹೋಗಿ ಮಂಗಳವಾರ ಕಮಿಟಿಗೆ ಒಂದು ಚೀಟಿ ಬರೆದುಕೊಟ್ಟಿದ್ದ: ಉಡಚಪ್ಪನ ಕೆಲಸ ನಂಬಲು ಯೋಗ್ಯವಲ್ಲ, ಇದು ನನ್ನ ಸ್ವಂತ ಅನುಭವ. ಸಾಲೆಯ ಹೊಸ ಕಟ್ಟಡದ ಕೆಲಸ ಯಾವ ಗೌಂಡಿಗೆ ಎನ್ನುವುದು ಇವತ್ತು ಸಂಜೆ ಐದಕ್ಕೆ ತೀರ್ಮಾನ. ಸಿಕ್ಕರೆ ಉಡಚಪ್ಪ ಎರಡು ವರ್ಷ ಊರು ಬಿಡಬೇಕಾಗಿಲ್ಲ. ಸಿಗದಿದ್ದರೆ ಹೆಂಡತಿ ತಿಪ್ಪವ್ವನನ್ನು ಕರೆದುಕೊಂಡು ಎಲ್ಲೋ ಘಟ್ಟದ ಕಡೆ ಅಣೆಕಟ್ಟಿನ ಕಲ್ಲು ಒಡೆಯಲಿಕ್ಕೆ ಹೋಗಬೇಕು. ಚೀಟಿಯ ಸುದ್ದಿ ಅವನಿಗೆ ಗೊತ್ತಿರಲಿಲ್ಲ. ಬರೆದ ಮೇಲೆ ಮಾರ್ತಾಂಡನಿಗೆ ಎರಡು ದಿನ ಅನ್ನ ರುಚಿಸಿರಲಿಲ್ಲ. ಅದಕ್ಕೇ ಅರ್ಧ ದಿನ ರಜೆ ಹಾಕಿ ನಾಲ್ಕನೆಯ ಸಲ ಕರೆಸಿದ್ದು. ತಾನು ಬರೆದದ್ದು ಖರೆ ಎಂದು ಕಣ್ಣಾರೆ ನೋಡಿಕೊಂಡರೆ ಸಾಕಾಗಿತ್ತು.

"ಮಾಸ್ತರ್ರ, ಬರ್ಲಿರೀ?"

ಬೀದಿಯಿಂದ ದನಿ ಬಂತು. ಮಾರ್ತಾಂಡ ಮೇಲೆ ಹತ್ತಿ ಬಂದ. ಉಡಚಪ್ಪ ಕಾಲ್ಮರಿ ಬೀದಿಯಲ್ಲೇ ಬಿಟ್ಟು, ಪಾದಗಳನ್ನು ಹೆಗಲ ವಸ್ತ್ರದಿಂದ ಎರಡೆರಡು ಸಲ ಒರೆಸಿಕೊಂಡು ಪಡಸಾಲೆಗೆ ಕಾಲಿಟ್ಟ. ಬಾಗಿಲು ತುಂಬುವ ಆಳು. ಆದರೆ ಈ ಮನೆಯೊಳಗೆ ಬಂದ ಕೂಡಲೇ ಅರ್ಧ ಆಗುತ್ತಿದ್ದ. ಧೋತರದ ಅಂಚು ಎತ್ತಿ ಹಿಡಿದು, ಭುಜ ಒಳಗೆ ಎಳೆದುಕೊಂಡು, ಚೌಕಟ್ಟಿಗೆ ಮೈ ತಾಗದ ಹಾಗೆ ಗೋಡೆಯ ಮಗ್ಗುಲಿಗೆ ಸರಿದು ಸರಿದು ನಡೆಯುವುದನ್ನು ನೋಡಿದರೆ ಮಾರ್ತಾಂಡನಿಗೆ ರೇಗುತ್ತಿತ್ತು. ಇಷ್ಟು ಮುದುಡಿಕೊಂಡು ನಡೆಯುವವನು ಗೋಡೆಯನ್ನು ನೆಟ್ಟಗೆ ಹೇಗೆ ಕಟ್ಟುತ್ತಾನೆ? ಅಡಿಗೆಮನೆಯ ಬಾಗಿಲು ಒಳಗಿನಿಂದ ಸದ್ದಿಲ್ಲದೆ ಮುಚ್ಚಿತು. ಅದು ತಾಯಿ ಜಾನಕೀಬಾಯಿ, ಮಡಿಯಲ್ಲಿದ್ದರು. ಬಾಗಿಲು ಮುಚ್ಚಿದ್ದನ್ನು ಮಾರ್ತಾಂಡ ನೋಡಿದ, ಉಡಚಪ್ಪನೂ ನೋಡಿದ. ಇಬ್ಬರೂ ನೋಡದವರ ಹಾಗೆ ಕೆಳಗೆ ಇಳಿದರು.

ಉಡಚಪ್ಪ ಒಂದು ಅರಿವೆಯ ಗಂಟು ಬಿಚ್ಚಿ ಒಣ ಬೂದಿಯನ್ನು ಅಂಗೈಯಲ್ಲಿ ಹಿಡಿದು ಗೋಡೆಯ ಮೇಲೆ ತೆಳ್ಳಗೆ ಬಳಿದ. "ನೀರ ಮೊದಲ ಎಲ್ಲಿ ಇಳೀತೈತಿ, ಅಲ್ಲಿ ಕಪ್ಪ ಕಾಣತೈತ್ರಿ," ಅಂದ. ಆಮೇಲೆ ಇನ್ನೊಂದು ಉಪಾಯ ಹೇಳಿದ. ಬಟ್ಟೆಗೆ ಹಾಕುವ ನೀಲಿಯನ್ನು ಎರಡು ಕೊಡ ನೀರಿನಲ್ಲಿ ಕಲಸಿ ಬಚ್ಚಲಿಗೆ ಹೊಯ್ಯಬೇಕು. ಬಚ್ಚಲು ಒಡೆದಿದ್ದರೆ ನೀಲಿ ಕೆಳಗೆ ಬಂದೇ ಬರುತ್ತದೆ. ಮಾರ್ತಾಂಡ ಮೆಟ್ಟಿಲ ಬಾಯಿಯಿಂದ ಹೆಂಡತಿ ಪದ್ಮಾಬಾಯಿಗೆ ಕೂಗಿ ಹೇಳಿದ. ಆಕೆ ಹಿತ್ತಿಲ ಬಾವಿಯಿಂದ ಸೇದಿ ತಂದು ಹೊಯ್ದಳು. ಇಬ್ಬರೂ ಕೆಳಗೆ ಕಂದೀಲು ಇಟ್ಟುಕೊಂಡು ಕಾದು ಕೂತರು. ನೀಲಿ ಬರಲಿಲ್ಲ. ಬೂದಿ ಬೆಳ್ಳಗೇ ಇತ್ತು. ಅರ್ಧ ತಾಸಾಯಿತು, ಮುಕ್ಕಾಲು ತಾಸಾಯಿತು. ಉಡಚಪ್ಪ ಎರಡನೆಯ ಮೆಟ್ಟಿಲ ಮೇಲೆ ಕೂತಿದ್ದ, ಮಾರ್ತಾಂಡ ಮೂರನೆಯದರ ಮೇಲೆ. ನಲವತ್ತೆರಡರಲ್ಲೂ ಹೀಗೇ ಕೂತಿದ್ದೆವು ಅಂತ ಮಾರ್ತಾಂಡನಿಗೆ ನೆನಪಾಯಿತು, ಇದೇ ಎರಡು ಮೆಟ್ಟಿಲು. ಆಗ ಅವ್ವ ಲಕ್ಷ್ಮೇಶ್ವರಕ್ಕೆ ತಮ್ಮನ ಮನೆಗೆ ಹೋಗಿದ್ದಳು, ಪದ್ಮಾ ಶಿರಹಟ್ಟಿಯಲ್ಲಿ ತವರಿನಲ್ಲಿದ್ದಳು. ಓಣಿಯ ತುದಿಗೆ ಪೊಲೀಸ. ಹಿತ್ತಿಲಲ್ಲಿ ಬಾವಿಯ ಕಟ್ಟೆ ಕಟ್ಟುತ್ತಿದ್ದ ಈ ಗೌಂಡಿ ಮೊದಲ ದಿನ ಏನೂ ಕೇಳದೆ ತನ್ನ ತಲೆವಸ್ತ್ರದಲ್ಲಿ ಕಟ್ಟಿದ್ದ ರೊಟ್ಟಿ, ಶೇಂಗಾ ಹಿಂಡಿ ತಂದು ಈ ಮೆಟ್ಟಿಲ ಮೇಲೆ ಬಿಚ್ಚಿ ಇಟ್ಟಿದ್ದ. ಹಸಿದ ಹೊಟ್ಟೆ ಜಾತಿ ಕೇಳಲಿಲ್ಲ. ಹನ್ನೊಂದು ದಿನ ಅವನು ತಂದ ರೊಟ್ಟಿ, ಒಂದೇ ಅರಿವೆಯ ಮೇಲೆ ಇಬ್ಬರ ಕೈ. ಆಮೇಲೆ ಎಷ್ಟೋ ಸಭೆಗಳಲ್ಲಿ ಮಾರ್ತಾಂಡ ಆ ಹನ್ನೊಂದು ದಿನದ ಕತ್ತಲೆಯನ್ನು ವರ್ಣಿಸಿದ್ದಾನೆ, ಇಲಿಗಳನ್ನು ವರ್ಣಿಸಿದ್ದಾನೆ. ರೊಟ್ಟಿಯನ್ನು ಮಾತ್ರ ಬಿಟ್ಟಿದ್ದಾನೆ, ಯಾಕೆಂದರೆ ಆ ಸಭೆಗಳ ಸುದ್ದಿ ಮನೆಗೂ ಬರುತ್ತದೆ. ಆಗ ಈ ಗೋಡೆ ಒಣಗಿತ್ತು.

"ಬಚ್ಚಲದ್ದಲ್ಲರೀ ಇದು," ಅಂದ ಉಡಚಪ್ಪ.

"ಮತ್ತ ಎಲ್ಲಿದು?" ಮಾರ್ತಾಂಡನ ದನಿ ಆ ಸಣ್ಣ ಕೋಣೆಯಲ್ಲಿ ಅವನ ಕಿವಿಗೇ ಬಡಿಯಿತು. "ಮಳಿ ಇಲ್ಲ, ನಳ ಇಲ್ಲ, ಬಾವಿ ಅಷ್ಟು ದೂರದಾಗ ಅದ. ಬಚ್ಚಲದ್ದೂ ಅಲ್ಲ ಅಂತಿ. ಹಂಗಾದ್ರ ಎಲ್ಲಿಂದ ಬರ್ತದ, ಸ್ವರ್ಗದಿಂದೇನು? ಮೂರು ಸಲ ಬಂದಿ, ಮೂರು ಸಲ ಕೆಡಿಸಿಟ್ಟು ಹೋದಿ!"

ಉಡಚಪ್ಪ ಎದ್ದು, ಮೂಲೆಯಲ್ಲಿ ಹೋದ ಸಲದ ಕಲೆ ಉಳಿದ ಜಾಗವನ್ನು ಉಗುರಿನಿಂದ ಕೆರೆದು, ಆ ಪುಡಿಯನ್ನು ಮೂಸಿದ. ಬೆರಳನ್ನು ಧೋತರಕ್ಕೆ ಒರೆಸಿಕೊಂಡ. ತಲೆಯ ಮೇಲಿನ ಹಾಸುಗಲ್ಲುಗಳನ್ನು ಸುಮ್ಮನೆ ನೋಡಿದ.

"ಮ್ಯಾಲಿಂದ ಬರ್ತೈತ್ರಿ," ಅಂದ. "ನಾ ಹೋದ ಮ್ಯಾಲೆ ನೀವು ಒಂದ ತಾಸು ಇಲ್ಲೇ ಕುಂದರ್ರಿ. ನೀವಽ ನೋಡ್ತೀರಿ."

"ನೀನೂ ಕೂಡು. ಕೂತು ನೋಡು. ಗೌಂಡಿ ನೀನೋ ನಾನೋ?"

"ನಾ ಕುಂತ್ರ ಸೋರೂದಿಲ್ಲರಿ," ಅಂದ ಉಡಚಪ್ಪ. ಹೇಳಿ, ಹೇಳಬಾರದಿತ್ತೇನೋ ಅನ್ನುವ ಹಾಗೆ ಬೂದಿಯ ಗಂಟು ಕಟ್ಟಲಿಕ್ಕೆ ಶುರುಮಾಡಿದ. ಮೆಟ್ಟಿಲು ಹತ್ತುವಾಗ ಒಂದು ಸಲ ನಿಂತ. "ಸಂಜೀಕ ಸಾಲಿ ಕಡೆ ಬರ್ತೀನ್ರಿ. ಕಟ್ಟಡದ್ದು ಇವತ್ತ ಗೊತ್ತಾಕ್ಕೈತಂತಲ್ಲ. ನಿಮ್ಮದೊಂದು ಮಾತು ಇರ್ಲಿರಿ."

ಮೇಲೆ ಅವನ ಹೆಜ್ಜೆಗಳು ಗೋಡೆಯ ಮಗ್ಗುಲಲ್ಲೇ ಹೋಗಿ ಬೀದಿಗೆ ಇಳಿದವು. ಮಾರ್ತಾಂಡ ಒಬ್ಬನೇ ಕೂತ. ಸೊಕ್ಕು ನೋಡು ಇವನದು, ತಾನು ಕೂತರೆ ನೀರೂ ಹೆದರಿ ನಿಲ್ಲುತ್ತದಂತೆ. ಮೂವತ್ತು ವರ್ಷ ಕರಣಿ ಹಿಡಿದವನು ಒಂದು ಸೋರಿಕೆ ಹುಡುಕಲಾರದೆ ಮಾಸ್ತರನನ್ನು ಕತ್ತಲೆಯಲ್ಲಿ ಕಾವಲು ಕೂಡಿಸಿ ಹೋಗುತ್ತಾನೆ, ಮೇಲೆ ನನ್ನದೊಂದು ಮಾತು ಬೇರೆ ಬೇಕು. ಚೀಟಿ ಬರೆದದ್ದು ಒಳ್ಳೆಯದೇ ಆಯಿತು ಅಂದುಕೊಂಡ. ಅಂದುಕೊಂಡದ್ದು ಎದೆಯಲ್ಲಿ ಸರಿಯಾಗಿ ಕೂಡಲಿಲ್ಲ. ಕರಪತ್ರಗಳ ಒಂದು ಗಂಟನ್ನು ಎಳೆದು ನೋಡಿದ. ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಹಲಗೆಯಾಗಿದ್ದವು. ಬಿಡಿಸಲು ಹೋದರೆ, ಒಂದಾಗೋಣ ಎಂಬ ದಪ್ಪಕ್ಷರ ಎರಡು ತುಂಡಾಗಿ ಕೈಗೆ ಬಂತು. ಥೂ ಎಂದು ಎಸೆದ. ಹದಿಮೂರು ವರ್ಷ ಓಡಾಡಿದ್ದು, ಮುಂಡರಗಿಯ ಬಿಸಿಲಲ್ಲಿ, ಶಿಗ್ಲಿಯ ಧೂಳಲ್ಲಿ ಸೈಕಲ್ಲು ತುಳಿದದ್ದು, ಎಲ್ಲ ಬೂಷ್ಟು ಹಿಡಿದು ಕೂತಿದೆ. ಇದಕ್ಕೆಲ್ಲ ಯಾರನ್ನಾದರೂ ಹಿಡಿದು ಬಯ್ಯದಿದ್ದರೆ ತನಗೆ ಹುಚ್ಚು ಹಿಡಿದೀತು ಅನ್ನಿಸಿತು.

ಅಷ್ಟರಲ್ಲಿ ಮೇಲೆ ಸದ್ದಾಯಿತು. ಅಡಿಗೆಮನೆಯ ಬಾಗಿಲು ತೆರೆದದ್ದು. ಅವ್ವನ ದನಿ, ಏನೋ ಎರಡು ಮಾತು. ಹಿತ್ತಿಲಿನಿಂದ ಬಾವಿಯ ಗಡಗಡಿ ತಿರುಗಿದ ಕಿರ್‌ರ್ ಸದ್ದು. ಒದ್ದೆ ಕಾಲಿನ ಹೆಜ್ಜೆ ಭಾರವಾಗಿ ಬಂತು, ಹಗುರಾಗಿ ಹೋಯಿತು. ಮತ್ತೆ ಭಾರವಾಗಿ ಬಂತು. ಆಮೇಲೆ ಕಲ್ಲಿನ ಮೇಲೆ ನೀರು ಬಿದ್ದ ಸದ್ದು, ಒಂದೇ ಸಲಕ್ಕೆ ಒಂದು ಇಡೀ ಕೊಡ. ಬಾರಿಗೆಯಿಂದ ಗೀರಿದ್ದು. ಮತ್ತೊಂದು ಕೊಡ. ಮಾರ್ತಾಂಡ ತಲೆ ಎತ್ತಿ ಕೇಳುತ್ತ ಕೂತ. ಈ ಸದ್ದು ಅವನಿಗೆ ಹೊಸದಲ್ಲ. ಚಿಕ್ಕಂದಿನಿಂದ ಕೇಳಿದ್ದೇ. ಕ್ಷೌರಿಕ ಪಡಸಾಲೆಯಲ್ಲಿ ಕೂತು ಹೋದಾಗ, ಜೋಳದ ಚೀಲ ಹೊತ್ತ ಹಮಾಲ ಒಳಗೆ ಬಂದು ಹೋದಾಗ, ತನ್ನ ಜೊತೆ ಓದುತ್ತಿದ್ದ ಗುಡುಸಾಬ ಒಂದು ದಿನ ನಡುಮನೆಯವರೆಗೆ ಓಡಿ ಬಂದು ಪುಸ್ತಕ ಕೊಟ್ಟು ಹೋದಾಗ. ಮನೆಗೆ ಯಾರು ಬಂದಿದ್ದರು ಎಂದು ಕೇಳುವುದೇ ಬೇಡ, ನೆಲ ಒದ್ದೆ ಇದ್ದರೆ ಸಾಕು, ಗೊತ್ತಾಗುತ್ತಿತ್ತು. ಆದರೆ ಆ ದಿನಗಳಲ್ಲಿ ಬರುವವರೇ ಅಪರೂಪ, ಬಂದವರೂ ಪಡಸಾಲೆ ದಾಟುತ್ತಿರಲಿಲ್ಲ, ಪಡಸಾಲೆಯ ನೀರು ಬೀದಿಗೆ ಹರಿದುಹೋಗುತ್ತಿತ್ತು. ನಡುಮನೆಯ ನೀರು ಎಲ್ಲಿಗೆ ಹೋಗಬೇಕು?

ಮೂಲೆಯ ಬೂದಿಯಲ್ಲಿ ಒಂದು ಕಪ್ಪು ಚುಕ್ಕೆ ಮೂಡಿತು. ಅವನು ಕಂದೀಲು ಎತ್ತಿದ. ಚುಕ್ಕೆ ಇಳಿದು ಗೆರೆಯಾಯಿತು, ಅದರ ಮಗ್ಗುಲಿಗೆ ಇನ್ನೊಂದು. ಹಾಸುಗಲ್ಲಿನ ಸಂದಿಯಿಂದ ಹನಿಯೊಂದು ಅವನ ಖಾದಿ ಅಂಗಿಯ ತೋಳಿನ ಮೇಲೆ ಬಿತ್ತು. ಹಸಿರು ಮಿಶ್ರಿತ ಕಲೆ. ಮೂಸಿದ. ಸಗಣಿ ನೀರು. ಉಡಚಪ್ಪ ಬೆರಳು ಮೂಸಿದ್ದು, ಮೇಲೆ ನೋಡಿದ್ದು, ನಾ ಕುಂತ್ರ ಸೋರೂದಿಲ್ಲ ಅಂದದ್ದು. ಮೂರು ಸಲ ಬಂದದ್ದು, ಮೂರು ಸಲ ತೊಳೆದದ್ದು. ಹಸಿ ಗಚ್ಚು ಗಟ್ಟಿಯಾಗಲಿಕ್ಕೆ ಒಂದು ರಾತ್ರಿಯಾದರೂ ಬೇಕು. ಅದರ ಮೇಲೆ ಅದೇ ತಾಸಿನಲ್ಲಿ ಕೊಡಗಟ್ಟಲೆ ನೀರು ಹೊಯ್ದು ಬಾರಿಗೆಯಲ್ಲಿ ಉಜ್ಜಿದರೆ ಅದು ಬಿಳಿ ಗೆರೆಯಾಗಿ ಇಳಿಯದೆ ಏನು ಮಾಡೀತು? ಮಾರ್ತಾಂಡನಿಗೆ ನಾಚಿಕೆಯಾಯಿತು, ಭಯವೂ ಆಯಿತು, ಎರಡಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಸಿಟ್ಟು ಯಾರ ಮೇಲೆ ಎನ್ನುವುದು ಗೊತ್ತಾಗದೆ ಧಡಧಡ ಮೆಟ್ಟಿಲು ಹತ್ತಿದ.

ನಡುಮನೆಯ ತುಂಬ ನೀರು ನಿಂತಿತ್ತು. ಪದ್ಮಾಬಾಯಿ ಸೀರೆಯ ಕಚ್ಚೆ ಮೇಲೆ ಕಟ್ಟಿ, ಖಾಲಿ ಕೊಡ ಟೊಂಕದಲ್ಲಿಟ್ಟುಕೊಂಡು ಹಿತ್ತಿಲ ಕಡೆ ಹೊರಟವಳು, ಗಂಡ ನೆಲದೊಳಗಿನಿಂದ ಎದ್ದದ್ದನ್ನು ನೋಡಿ ನಿಂತಳು.

"ಏನದ ಇದು?" ಎಂದ.

"ನೀರು," ಅಂದಳು ಆಕೆ. ಅವಳ ಅಂಗೈಗಳು ಹಗ್ಗ ಉಜ್ಜಿ ಕೆಂಪಾಗಿ ಬಾತಿದ್ದವು. ಬಲಗೈಗೆ ಅರಿವೆಯ ಚಿಂದಿ ಕಟ್ಟಿಕೊಂಡಿದ್ದಳು. ಎಂದಿನಿಂದ ಕಟ್ಟಿಕೊಂಡಿದ್ದಾಳೋ, ಮಾರ್ತಾಂಡ ನೋಡಿದ್ದು ಇವತ್ತು.

"ಪ್ರತಿ ಸಲಾ ತೊಳೀತೀಯೇನು?"

"ಪ್ರತಿ ಸಲಾ. ಬೀದಿ ಬಾಗಲದಿಂದ ಈ ಹಲಗಿ ತನಕ. ಸಲಕ್ಕ ಇಪ್ಪತ್ತೈದು ಕೊಡ. ನೀವು ಸಾಲಿಗೆ ಹೋಗಿರ್ತಿದ್ರಿ."

"ನನಗ್ಯಾಕ ಹೇಳ್ಲಿಲ್ಲ?"

ಪದ್ಮಾಬಾಯಿ ಅವನನ್ನು ವಿಚಿತ್ರವಾಗಿ ನೋಡಿದಳು. "ಏನಂತ ಹೇಳ್ಲಿ? ಈ ಮನ್ಯಾಗ ಹುಟ್ಟಿದವರು ನೀವು."

ಅಡಿಗೆಮನೆಯ ಹೊಸ್ತಿಲ ಒಳಗೆ ಜಾನಕೀಬಾಯಿ ಕೂತು ಬತ್ತಿ ಹೊಸೆಯುತ್ತಿದ್ದರು. ಅವರ ಮುಖದಲ್ಲಿ ತಪ್ಪು ಮಾಡಿದ ಅಳುಕೂ ಇರಲಿಲ್ಲ, ಇರಬೇಕಾದ ಕಾರಣವೂ ಅವರಿಗೆ ಕಾಣುತ್ತಿರಲಿಲ್ಲ. ಮಗ ಎದುರಿಗೆ ಬಂದು ನಿಂತು, ಮೂರು ಸಲ ರಿಪೇರಿ ಮಾಡಿಸಿದ್ದು, ಮೂರು ಸಲ ನೀರು ಇಳಿದದ್ದು, ಈ ನೀರೇ ಆ ನೀರು ಎನ್ನುವುದು, ಎಲ್ಲವನ್ನೂ ತರಗತಿಯಲ್ಲಿ ಲೆಕ್ಕ ಬಿಡಿಸಿ ತೋರಿಸುವ ಹಾಗೆ ಹೇಳಿದ. ಅವರು ಪೂರ್ತಿ ಕೇಳಿದರು.

"ಹಂಗಾದ್ರ ಸುಲಭ ಆತಲ್ಲ," ಅಂದರು. "ನೀ ಅವನ್ನ ಕರಸೂದು ಬಿಡು, ನಾ ತೊಳಸೂದು ಬಿಡ್ತೀನಿ. ನಿಮ್ಮಪ್ಪ ಇದ್ದಾಗ ಈ ಮನಿ ಸೋರಿತ್ತೇನು?"

ಸೋರಿರಲಿಲ್ಲ. ಅವ್ವಾ, ಹನ್ನೊಂದು ದಿನ ಅವನ ರೊಟ್ಟಿ ತಿಂದೀನಿ, ಈ ನೆಲದ ಕೆಳಗ, ಅವನ ಮಗ್ಗಲಕ್ಕ ಕೂತು. ಹಾಗಾದರೆ ನನ್ನನ್ನ ಎಷ್ಟು ಕೊಡದಿಂದ ತೊಳೀತಿ? ಇದನ್ನೇ ಹೇಳಬೇಕೆಂದು ಬಾಯಿ ತೆರೆದ. "ಇಷ್ಟು ನೀರು ಹಾಕಬಾರದು ಅವ್ವಾ," ಎಂದ. "ಒದ್ದಿ ಅರಿವೀಲೆ ಒರಸಿದ್ರ ಸಾಕಾಗೂದಿಲ್ಲೇನು?"

"ಒರಸಿದ್ರ ಶುದ್ಧ ಆಗ್ತದೇನು? ಆತು, ನೀ ಓದಿದಾಂವ. ಎಷ್ಟು ಕೊಡ ಸಾಕು, ನೀನಽ ಹೇಳು."

"ಐದು," ಎಂದುಬಿಟ್ಟ ಮಾರ್ತಾಂಡ.

ಹಿಂದೆ ಪದ್ಮಾಬಾಯಿಯ ಕೊಡ ಗೋಡೆಗೆ ತಾಗಿ ಠಣ್ ಅಂದಿತು. ತಿರುಗಿ ನೋಡುವ ಧೈರ್ಯ ಅವನಿಗಾಗಲಿಲ್ಲ. ಅಂಗಿ ಬದಲಿಸಲಿಕ್ಕೆ ಒಳಗೆ ಹೋದ.

ಸಂಜೆ ಸಾಲೆಗೆ ನಡೆಯುವಾಗ ದಾರಿಯುದ್ದಕ್ಕೂ ಅವನು ಎರಡು ವಾಕ್ಯ ಹದಮಾಡಿಕೊಂಡ. ತಪ್ಪು ಗೌಂಡಿದಲ್ಲ. ಅಂವಾ ಬಂದು ಹೋದ ಮ್ಯಾಲೆ ನಮ್ಮನ್ಯಾಗ ನೆಲಾ ತೊಳೀತಾರ, ಅದಽ ನೀರು. ಇಷ್ಟೇ. ಇಷ್ಟು ಹೇಳಿ ಮಂಗಳವಾರದ ಚೀಟಿ ಹಿಂದಕ್ಕೆ ಇಸಕೊಂಡು ಹರಿದುಹಾಕಿದರೆ ಮುಗಿಯಿತು. ಎರಡನೆಯ ವಾಕ್ಯದಲ್ಲಿ "ನಮ್ಮವ್ವ" ಅನ್ನಬೇಕೋ "ನಮ್ಮನ್ಯಾಗ" ಅನ್ನಬೇಕೋ ಎಂದು ಬಸ್ ನಿಲ್ದಾಣದವರೆಗೆ ಯೋಚಿಸಿದ. ಅಂಗಡಿಗಳಿಗೆ ಆಗಲೇ ತೋರಣ ಕಟ್ಟುತ್ತಿದ್ದರು. ಕಂಡಕಂಡವರು "ಏನ್ ಮಾಸ್ತರ, ಒಂದಾಗೂ ದಿನಾ ಬಂತಲ್ರೀ" ಎಂದು ಕೈ ಮುಗಿದರು. ಅವನೂ ಕೈ ಮುಗಿದ. ಕಾಲು ಮುಂದೆ ಹೋದಷ್ಟೂ ವಾಕ್ಯ ಉದ್ದವಾಗುತ್ತ, ಅದಕ್ಕೆ ವಿವರಣೆ ಸೇರುತ್ತ, ಅವ್ವನ ವಯಸ್ಸು ಸೇರುತ್ತ, ಹಳೇ ಕಾಲದವರು ಏನು ಮಾಡುವುದು ಎನ್ನುವ ನಗು ಸೇರುತ್ತ ಹೋಯಿತು. ಸಾಲೆಯ ಗೇಟಿನ ಬೇವಿನ ಗಿಡದ ಕೆಳಗೆ ಉಡಚಪ್ಪ ಕುಕ್ಕರಗಾಲಲ್ಲಿ ಕೂತಿದ್ದ. ಇವನನ್ನು ನೋಡಿ ಎದ್ದು ನಿಂತ. ತಲೆಗೆ ಒಗೆದ ಬಿಳಿಯ ವಸ್ತ್ರ ಸುತ್ತಿದ್ದ. ಮಾರ್ತಾಂಡ ತಲೆಯಾಡಿಸಿ ಒಳಗೆ ಹೋದ.

"ಏನ್ ಮಾಸ್ತರ, ತುಂಗಭದ್ರಾ ಮೂಲಾ ಸಿಕ್ತೇನ್ರೀ?" ಕೂಡುವ ಮೊದಲೇ ಪುಂಡಲೀಕಪ್ಪ ವಕೀಲರು ಕೇಳಿದರು. ಏಳು ಮುಖಗಳು ಇವನ ಕಡೆ ತಿರುಗಿದವು. ಅವುಗಳಲ್ಲಿ ಹೋದ ವರ್ಷ ಅಸ್ಪೃಶ್ಯತಾ ನಿವಾರಣೆಯ ಮೇಲೆ ಇವನ ಭಾಷಣಕ್ಕೆ ಎದ್ದು ನಿಂತು ಚಪ್ಪಾಳೆ ತಟ್ಟಿದ ಮುಖಗಳಿದ್ದವು. ನಗಲಿಕ್ಕೆ ತಯಾರಾಗಿ ತುಟಿ ಅರಳಿಸಿದ ಮುಖಗಳೂ ಇದ್ದವು. ಖರೆ ಹೇಳಿದರೆ ಅದು ನಾಳೆ ಇಡೀ ಬೆಟಗೇರಿ ದಾಟಿ ಬಿಂಕದಕಟ್ಟಿಯ ತನಕ ಹೋಗುತ್ತದೆ. ಮುಂದಿನ ಗುರುವಾರ ನೆಲಮನೆಗೆ ಇಳಿಯುವ ಪ್ರತಿ ಹುಡುಗನೂ ನೆಲದ ಕಡೆ ನೋಡಿ ನಗುತ್ತಾನೆ.

"ಸಿಕ್ತರಿ," ಎಂದ ಮಾರ್ತಾಂಡ. "ಬಚ್ಚಲ ಒಡದಿತ್ತು. ಗೌಂಡಿದೇನೂ ತಪ್ಪಿಲ್ಲ."

ಹೇಳಿದ ಕೂಡಲೇ ಹಗುರೆನಿಸಿತು. ಸತ್ಯ ಅಲ್ಲದಿದ್ದರೂ ಉಡಚಪ್ಪನನ್ನು ಉಳಿಸಿದೆ ಅನ್ನಿಸಿತು. ಆ ಹಗುರ ಒಂದು ಉಸಿರು ಬಿಡುವಷ್ಟು ಹೊತ್ತು ಇತ್ತು.

"ಹೆಂಗ ತಪ್ಪಿಲ್ಲಂತೀರಿ?" ಎಂದರು ವಕೀಲರು. "ಬಚ್ಚಲ ಒಡದದ್ದು ಹುಡುಕಾಕ ನಾಕ ಸಲ ಬೇಕಾತೇನು ಅವಗ? ಕಣ್ಣೆದುರಿನ ಒಡಕು ಕಾಣದಾಂವ ಸಾಲಿ ಬುನಾದಿ ಏನ್ ನೋಡ್ತಾನ? ನೀವು ಬರದದ್ದು ಬರಾಬರಿ ಐತಿ ಬಿಡ್ರಿ. ನಿಮ್ಮ ಮನಸು ಮೆತ್ತಗ, ಅದಕ್ಕ ಈಗ ಹಿಂಗಂತೀರಿ."

ಎಲ್ಲರೂ ಹೌದು ಹೌದು ಅಂದರು. ಅದು ಹಾಗಲ್ಲ ಎನ್ನಬೇಕೆಂದರೆ ಬಚ್ಚಲಿನಿಂದ ಶುರುಮಾಡಿ ಎಲ್ಲ ಬಿಚ್ಚಬೇಕಿತ್ತು. ಮಾರ್ತಾಂಡ ಮೇಜಿನ ಮೇಲಿನ ಮಸಿಯ ಕಲೆ ನೋಡುತ್ತ ಕೂತ. ಕೆಲಸ ಹುಬ್ಬಳ್ಳಿಯ ಇನ್ನೊಬ್ಬನಿಗೆ ಆಯಿತು. ಠರಾವಿನ ಕೆಳಗೆ ಏಳು ಸಹಿಗಳ ನಂತರ ಎಂಟನೆಯ ಜಾಗ ಖಾಲಿ ಇತ್ತು. ಅವನು ಸಹಿ ಮಾಡಿದ.

ಮಾರ್ತಾಂಡ ಹೊರಗೆ ಬಂದಾಗ ಉಡಚಪ್ಪ ಅವನ ಮುಖ ನೋಡಿಯೇ ತಿಳಿದುಕೊಂಡು ತಲೆಯ ವಸ್ತ್ರವನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡ.

"ನಿನಗ ಗೊತ್ತಿತ್ತೇನು, ಉಡಚಪ್ಪ? ಆ ನೀರು?"

"ಎರಡನೇ ಸಲಕ್ಕ ಗೊತ್ತಾತ್ರಿ. ವಾಸನಿ ಬಂತಲ್ಲ."

"ಮತ್ತ ಯಾಕ ಹೇಳ್ಲಿಲ್ಲ?"

"ನಿಮಗ ಗೊತ್ತೈತಿ ಅಂತ ತಿಳಕೊಂಡಿದ್ದೆರಿ," ಅಂದ ಉಡಚಪ್ಪ. "ಗೊತ್ತಿದ್ದೂ ಕರೀತಾರಲ್ಲ, ಬ್ಯಾಡ ಅನಬಾರದು ಅಂತ ಬಂದೆ. ಇವತ್ತ ನೀವು ಒದರ್ಯಾಡಿದಾಗ, ಇವರಿಗೆ ಗೊತ್ತಿಲ್ಲ ಅನಿಸ್ತು. ಬಾಯಿ ಬಿಟ್ಟು ಹೇಳಾಕ ಬರ್ಲಿಲ್ಲ. ಕುಂತು ನೋಡ್ರಿ ಅಂದೆ."

ಉಡಚಪ್ಪ ಕಾಲ್ಮರಿ ಮೆಟ್ಟಿಕೊಂಡು, ಹೋಗುವ ಮುನ್ನ ಕೆಲಸಗಾರನ ದನಿಯಲ್ಲಿ ಹೇಳಿದ: "ಮೂಲಿ ಫರಸಿ ಸಂದು ಎರಡ ಬೆರಳು ಅಗಲ ಐತ್ರಿ. ಗಚ್ಚು ತುಂಬಿ ಮೂರ ದಿನ ನೀರ ಮುಟ್ಟಿಸಬಾರದು. ಯಾರನ್ನರ ನಿಮ್ಮವರನ್ನ ಕರದು ಮಾಡಸ್ರಿ. ನಾ ಬಂದ್ರ ಮತ್ತ ಅವ್ವಾರಿಗೆ ತ್ರಾಸ." ಹೇಳಿ ಕುರ್ತಕೋಟಿಯ ದಾರಿ ಹಿಡಿದ. ಬಯಲಿಗೆ ಹೋದ ಮೇಲೆ ಅವನು ನೆಟ್ಟಗೆ, ಬೀಸುಗಾಲಲ್ಲಿ ನಡೆಯುತ್ತಾನೆ ಎನ್ನುವುದು ಮಾರ್ತಾಂಡನಿಗೆ ಇಷ್ಟು ವರ್ಷಕ್ಕೆ ಈಗ ಕಂಡಿತು.

ಮನೆಯ ಮುಂದೆ ಪದ್ಮಾಬಾಯಿ ತುಳಸಿಗೆ ದೀಪ ಇಟ್ಟು ಎದ್ದಳು. ಬಲಗೈಯ ಚಿಂದಿ ಹಾಗೇ ಇತ್ತು.

"ಇನ್ನ ನೀ ನೀರು ಹೊರೂದು ಬ್ಯಾಡ," ಎಂದ ಮಾರ್ತಾಂಡ. "ಅಂವಾ ಬರೂದಿಲ್ಲ."

ಆಕೆ ದೀಪದ ಬೆಳಕಿನಲ್ಲಿ ಅವನ ಮುಖವನ್ನು ನೋಡಿದಳು.

"ಅಂದ್ರ ಸಾಲ್ಯಾಗ ನೀವು ಖರೇ ಹೇಳ್ಲಿಲ್ಲ," ಅಂದಳು.

ಒಳಗಿನಿಂದ ಜಾನಕೀಬಾಯಿಯ ದನಿ ಬಂತು: "ಮಾರ್ತಾಂಡ ಬಂದ್ಯಾ? ಕಾಲು ತೊಳಕೊಂಡು ಒಳಗ ಬಾ." ಕಟ್ಟೆಯ ಮೇಲೆ ತಂಬಿಗೆಯಲ್ಲಿ ನೀರು ತುಂಬಿಟ್ಟಿದ್ದರು. ಅವನು ಎತ್ತಿಕೊಂಡು ಕಾಲ ಮೇಲೆ ಹೊಯ್ದುಕೊಂಡ. ಆಮೇಲೆ ಒಳಗೆ ಹೋಗದೆ, ಆ ನೀರು ಎಲ್ಲಿಗೆ ಹೋಗುತ್ತದೆ ಎಂದು ನೋಡುತ್ತ ಅಲ್ಲೇ ನಿಂತ.